ಬಣ್ಣದ ಅಡಿಯಲ್ಲಿ ಮೂಡಿದ ಅಂಗೈ

ದಾವಣಗೆರೆಯಲ್ಲಿರುವ ನನ್ನ ಸೋದರಮಾವನವರು 1968ರಲ್ಲಿ ತಯಾರಾದ ಅಂಬಾಸಡರ್ ಕಾರೊಂದನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡಿದ್ದಾರೆ. ಈ ಕಾರಿನ ತಯಾರಿಕೆ 2014ರಲ್ಲಿ ನಿಂತುಹೋಯಿತು. ಆದಕಾರಣ ಇರುವ ತಗಡನ್ನೇ ಉಳಿಸಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಹರಿಹರದ ಒಂದು ಶೆಡ್ಡಿನಲ್ಲಿ ಅದಕ್ಕೆ ಹೊಸ ಬಣ್ಣ ಹೊಡೆಸಿದೆವು. ಮೊದಲ ಮಳೆಗಾಲ ಕಳೆಯುವಷ್ಟರಲ್ಲಿ ಬಾನೆಟ್ಟಿನ ಮೇಲೆ ಸಾಸಿವೆಯಷ್ಟು ಗಾತ್ರದ ಗುಳ್ಳೆಗಳೆದ್ದವು. ಅವೆಲ್ಲವೂ ಸೇರಿ ಮನುಷ್ಯನ ಅಂಗೈಯ ಆಕಾರ ತಾಳಿದ್ದವು! ಬಣ್ಣ ಹೊಡೆಯುವ ಮುನ್ನ ಬೋಳು ತಗಡಿನ ಮೇಲೆ ಕೈಯೂರಿ ನಿಂತಿದ್ದವನು ನಾನೇ.

ಹೀಗೇಕಾಯಿತೆಂಬುದನ್ನು ತಿಳಿಯಲು ತುಕ್ಕಿನಿಂದ ಆರಂಭಿಸೋಣ. ಉಕ್ಕಿನ ಮೇಲೆ ಒಂದು ಹನಿ ಉಪ್ಪುನೀರು ಬಿದ್ದಿತೆನ್ನಿ. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಸುಲಭವಾಗಿ ತಲಪುತ್ತದೆ, ನಡುವಿಗೆ ತಲಪುವುದಿಲ್ಲ. ಈ ವ್ಯತ್ಯಾಸವೇ ಆ ಹನಿಯನ್ನು ಪುಟ್ಟದೊಂದು ವಿದ್ಯುತ್‌ಕೋಶವನ್ನಾಗಿ ಮಾಡುತ್ತದೆ. ನಡುಭಾಗ ಆನೋಡ್ ಆಗಿ ಕಬ್ಬಿಣ ಅಲ್ಲಿ ಕರಗುತ್ತದೆ. ಅಂಚು ಕ್ಯಾಥೋಡ್ ಆಗುತ್ತದೆ. ಕೇಂಬ್ರಿಡ್ಜಿನ ವಿಜ್ಞಾನಿ ಯು. ಆರ್. ಇವಾನ್ಸ್ ಇದನ್ನು ಬಹು ಸರಳವಾಗಿ ತೋರಿಸಿಕೊಟ್ಟರು. ಉಪ್ಪುನೀರಿಗೆ ಪೊಟ್ಯಾಸಿಯಂ ಫೆರಿಸಯನೈಡ್ ಮತ್ತು ಫಿನಾಲ್ಫ್ಥಲೀನ್ ಸೇರಿಸಿದರೆ ಹನಿಯ ನಡುವೆ ನೀಲಿಯೂ ಅಂಚಿನಲ್ಲಿ ನಸುಗೆಂಪೂ ಕಾಣಿಸುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಎದುರಿಗೆ ನೀವೂ ಇದನ್ನು ಮಾಡಿ ನೋಡಬಹುದು. ಹೀಗೆ ಹುಟ್ಟುವ ತುಕ್ಕು, ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗವನ್ನು ಬೇಡುತ್ತದೆ. ಮೇಲಿನ ಬಣ್ಣವನ್ನು ಎತ್ತಿ ಒಡೆಯುತ್ತದೆ.

1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಅಲ್ಲಿ ತಯಾರಾಗುತ್ತಿದ್ದ ಲೇತಿನಂಥ ಯಂತ್ರವನ್ನು ಗಮನಿಸಿದರೆ ಮೈಗೆ ಬಣ್ಣ, ಜಾರುಹಳಿಗಳಿಗೆ ಬರಿಯ ಎಣ್ಣೆ ಇರುವುದು ಕಾಣುತ್ತದೆ. ಎರಡರ ಉದ್ದೇಶವೂ ಒಂದೇ, ಕಬ್ಬಿಣದಿಂದ ನೀರನ್ನೂ ಗಾಳಿಯನ್ನೂ ದೂರವಿಡುವುದು. ಆದರೆ ಎಣ್ಣೆಯಿದ್ದಲ್ಲಿ ಬಣ್ಣ ಹಿಡಿಯದು. ಆದ್ದರಿಂದ ಕಾರಿನ ಮೈಯನ್ನು ಉಜ್ಜುವುದಕ್ಕೂ ಮೊದಲೇ ಜಿಡ್ಡು ತೆಗೆಯಬೇಕು. ಮೊದಲು ಉಜ್ಜಿದರೆ ಉಪ್ಪುಕಾಗದವು ಜಿಡ್ಡನ್ನು ಗೀರುಗಳೊಳಕ್ಕೆ ತುಂಬಿಬಿಡುತ್ತದೆ.

ಹಳೆಯ ಬಣ್ಣವನ್ನು ಕೆರೆಯುವಾಗ ಎಚ್ಚರಿಕೆ ಬೇಕು. ಆ ಕಾಲದ ಬಣ್ಣಗಳಲ್ಲಿ ಸೀಸವಿರುವ ಸಂಭವ ಹೆಚ್ಚು. ಒಣಗಿ ಹಾರುವ ಧೂಳು ಉಸಿರಿನೊಡನೆ ರಕ್ತಕ್ಕೆ ಸೇರುತ್ತದೆ. ಮೂಗಿಗೆ ಕರವಸ್ತ್ರ ಕಟ್ಟಿಕೊಂಡು ದಿನವೆಲ್ಲ ಉಜ್ಜುವ ಹುಡುಗರನ್ನು ನಾನು ಕಂಡಿದ್ದೇನೆ. ಕರವಸ್ತ್ರದಿಂದ ಅಂಥ ಸೂಕ್ಷ್ಮ ಧೂಳು ತಡೆಯಲ್ಪಡುವುದಿಲ್ಲ. ನೀರು ಹಾಕಿ ಉಜ್ಜುವುದೂ, ತಕ್ಕ ಸೋಸುಕವಿರುವ ಮುಖವಾಡ ಧರಿಸುವುದೂ ಅವಶ್ಯ. ಇಂದಿನ ಗಟ್ಟಿಕಾರಕ ಬೆರೆಸಿದ ಬಣ್ಣಗಳಲ್ಲಿ ಐಸೋಸಯನೇಟ್ ಇರುತ್ತದೆ. ಅದನ್ನು ಸಿಂಪಡಿಸುವವರಿಗೆ ಉಬ್ಬಸ ಬರಬಹುದು.

ಬಣ್ಣ ಹೋದ ಮೇಲೆ ತಗಡಿನ ನಿಜಸ್ಥಿತಿ ಹೊರಬೀಳುತ್ತದೆ. ತೂತು ಬಿದ್ದಲ್ಲಿ ಕೊಳೆತ ಭಾಗವನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಬೇಕು, ತಗ್ಗನ್ನು ಸುತ್ತಿಗೆಯಿಂದ ಮೇಲೆತ್ತಬೇಕು. ಪುಟ್ಟಿಯಿಂದಲೇ ಎಲ್ಲವನ್ನೂ ಮುಚ್ಚುವುದು ನನ್ನ ದೃಷ್ಟಿಯಲ್ಲಿ ಮೋಸವೇ ಸರಿ. ಪುಟ್ಟಿ ನೀರನ್ನು ಹೀರುತ್ತದೆ; ಅದರಡಿಯಲ್ಲಿ ತುಕ್ಕು ನಿರಾತಂಕವಾಗಿ ಬೆಳೆಯುತ್ತದೆ. ಹಳೆಯ ಕಾರು ಕೊಳ್ಳುವವರು ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಮೈಮೇಲೆ ಎಳೆದು ನೋಡಲಿ, ಪುಟ್ಟಿ ದಪ್ಪಗಿದ್ದಲ್ಲಿ ಅದು ಹಿಡಿತ ಬಿಡುತ್ತದೆ.

ಇನ್ನು ಅಂಗೈಯ ವಿಷಯ. ಬೆವರಿನಲ್ಲಿ ಉಪ್ಪಿದೆ. ನನ್ನ ಕೈಯಿಂದ ತಗಡಿಗಂಟಿದ ಆ ಉಪ್ಪು ಬಣ್ಣದಡಿಯಲ್ಲಿ ಉಳಿದುಕೊಂಡಿತು. ಬಣ್ಣದ ಪದರ ನಾವೆಣಿಸಿದಷ್ಟು ಅಭೇದ್ಯವಲ್ಲ. ನೀರಿನ ಅಣುಗಳು ಅದರ ಮೂಲಕ ಮೆಲ್ಲಗೆ ನುಸುಳುತ್ತವೆ, ಉಪ್ಪು ಮಾತ್ರ ಹೊರಬರಲಾರದು. ನೀರಿನಲ್ಲಿ ನೆನೆಹಾಕಿದ ಒಣದ್ರಾಕ್ಷಿ ಉಬ್ಬುವುದಕ್ಕೆ ಕಾರಣವಾದ ಅಭಿಸರಣೆಯೇ ಇಲ್ಲಿಯೂ ನಡೆಯುತ್ತದೆ. ಮಳೆನೀರು ಒಳಸೇರಿ ಉಪ್ಪಿನ ಕಣಗಳನ್ನು ಕರಗಿಸಿ, ಒತ್ತಡ ಹೆಚ್ಚಿಸಿ, ಗುಳ್ಳೆಯನ್ನೆಬ್ಬಿಸಿತು. ಗುಳ್ಳೆಯೊಂದನ್ನು ಒಡೆದಾಗ ಹನಿ ನೀರು, ಅದರಡಿಯಲ್ಲಿ ಕೆಂಗಂದು ಚುಕ್ಕೆ! ಕೊಳವೆಬಾವಿಯ ಗಡಸು ನೀರಿನಿಂದ ತೊಳೆದು ಹಾಗೆಯೇ ಒಣಗಲು ಬಿಟ್ಟರೂ ಇದೇ ಗತಿ.

ಕಳೆದ ಬೇಸಿಗೆಯಲ್ಲಿ ಬಾನೆಟ್ಟನ್ನು ಮತ್ತೆ ಬೋಳು ತಗಡಿಗೆ ಇಳಿಸಿದೆವು. ತುಕ್ಕಿದ್ದಲ್ಲಿ ಫಾಸ್ಫಾರಿಕ್ ಆಮ್ಲ ಸವರಿ, ಅದರ ಶೇಷವನ್ನು ಶುದ್ಧಜಲದಿಂದ ತೊಳೆದು, ಕೂಡಲೇ ಒರೆಸಿ ಒಣಗಿಸಿದೆವು. ಆ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಯಿಸಿದೆವು, ಬೋಳು ಉಕ್ಕು ರಾತ್ರಿ ಕಳೆಯಬಾರದು. ಮಾವನವರು ನನ್ನನ್ನು ಶೆಡ್ಡಿನೊಳಕ್ಕೆ ಬಿಟ್ಟರು. ಆದರೆ ಮೊದಲು ಕೈಗವಸನ್ನು ಮುಂದೆ ಚಾಚಿದರು.