ಎರೆಮಣ್ಣಿಗೆ ಒಗ್ಗಿದ ನಾಡ ಗಿಡಗಳು

ವಿಜಯಪುರದ ಗೋಲಗುಮ್ಮಟವನ್ನು ನೋಡದ ವಿದ್ಯಾರ್ಥಿಯು ನಮ್ಮ ಶಾಲೆಯಲ್ಲಿ ಇರಲಾರನು. 1656ರಲ್ಲಿ ಮುಗಿದ ಆ ಕಟ್ಟಡದ ಕಪ್ಪು ಕಲ್ಲೂ ಊರ ಹೊರಗಿನ ಹೊಲಗಳ ಎರೆಮಣ್ಣೂ ಒಂದೇ ತಾಯಿಯ ಮಕ್ಕಳೆಂಬುದನ್ನು ಎಷ್ಟು ಮಂದಿ ಬಲ್ಲರು? ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿಬಂದ ಲಾವಾರಸವು ಪದರು ಪದರಾಗಿ ಹರಡಿ, ತಣಿದು ಬಸಾಲ್ಟ್ ಶಿಲೆಯಾಯಿತು. ಆ ಶಿಲೆಯು ಮಳೆಬಿಸಿಲುಗಳಿಗೆ ಸಿಕ್ಕಿ ಸವೆದು ಜೇಡಿಯಾದುದೇ ಎರೆಮಣ್ಣು.

ಈ ಜೇಡಿಯಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಖನಿಜವು ಹೇರಳವಾಗಿದೆ. ಕಾಗದದ ಹಾಳೆಗಳಂತೆ ಒಂದರ ಮೇಲೊಂದು ಕುಳಿತ ಅದರ ಪದರುಗಳ ನಡುವೆ ನೀರು ಹೊಕ್ಕರೆ ಮಣ್ಣು ಉಬ್ಬುತ್ತದೆ; ನೀರು ಆರಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಅಗಲದ ಬಿರುಕುಗಳನ್ನು ನೀವೆಲ್ಲರೂ ಕಂಡಿದ್ದೀರಿ. ಆಗ ಎಳೆಯ ಗಿಡದ ಬೇರುಗಳು ದಾರದಂತೆ ಹರಿದುಹೋಗುತ್ತವೆ. ಆದುದರಿಂದ ಎರೆಯಲ್ಲಿ ಗಿಡವು ಸಾಯುವುದು ಕೇವಲ ಬಾಯಾರಿಕೆಯಿಂದಲ್ಲ, ಮಣ್ಣಿನ ಚಲನೆಯಿಂದಲೂ ಅಹುದು. ಮಳೆಗಾಲದಲ್ಲಿ ನೀರು ಬೇಗನೆ ಇಂಗದೆ ಬೇರಿಗೆ ಗಾಳಿ ದೊರೆಯದಿರುವುದು ಮತ್ತೊಂದು ಸಂಕಟ.

ಈ ಎರಡು ಸಂಕಟಗಳನ್ನೂ ಸಹಿಸುವ ಮರವೆಂದರೆ ಕರಿಜಾಲಿ. ಹಳ್ಳದ ದಂಡೆಯಲ್ಲಿ ಕೆಲವು ದಿನ ನೀರಲ್ಲಿ ನಿಂತರೂ ಅದು ಬಾಡದು. ಬರಗಾಲದಲ್ಲಿಯೂ ಹಸಿರು ಬಿಡದು. ಅದರ ಕಾಯಿ ಆಡುಕುರಿಗಳಿಗೆ ಮೇವು, ಕಟ್ಟಿಗೆ ನೇಗಿಲಿಗೂ ಬಂಡಿಗೂ ಯೋಗ್ಯ. ಮುಳ್ಳೆಂದು ಅದನ್ನು ಹೀಗಳೆಯುವವರುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಬಳ್ಳಾರಿ ಜಾಲಿಯು ಬೇರೆಯೇ ಗಿಡ. ಹೆಸರು ನಮ್ಮದಾದರೂ ಅದರ ತವರು ಅಮೆರಿಕ ಖಂಡ. ಅದು ಹಬ್ಬಿದೆಡೆ ಬೇರೆ ಗಿಡಗಳಿಗೆ ಎಡೆಯಿಲ್ಲ.

ದಸರೆಯಲ್ಲಿ ಬಂಗಾರವೆಂದು ಹಂಚಿಕೊಳ್ಳುವ ಬನ್ನಿಯ ತಾಯಿಬೇರು ಬಿರುಕುಗಳ ಕೆಳಗಿನ ತೇವವನ್ನು ಅರಸಿ ಬಹು ಆಳಕ್ಕೆ ಇಳಿಯುತ್ತದೆ. ರಾಜಸ್ಥಾನದವರು ಇದನ್ನೇ ಖೇಜಡಿ ಎನ್ನುತ್ತಾರೆ. ಇದರ ವಿರಳ ನೆರಳಿನಲ್ಲಿ ಪೈರು ಕುಂದದಾದ ಕಾರಣ ಅಲ್ಲಿ ಹೊಲದಲ್ಲಿಯೇ ಉಳಿಸಿಕೊಳ್ಳುತ್ತಾರೆ. ಬದುವಿನ ಬಾರಿಗಿಡವೂ ಆಳವಾಗಿ ಬೇರು ಬಿಡುವ ಜಾತಿಯೇ.

ತುಂಬೆಯ ಉಪಾಯ ಬೇರೆ. ಅದು ಮಳೆಯೊಡನೆ ಹುಟ್ಟಿ, ಹೂಬಿಟ್ಟು, ನೆಲ ಬಿರಿಯುವ ಮುನ್ನವೇ ಬೀಜ ಉದುರಿಸಿ ಮುಗಿಯುತ್ತದೆ. ತಿರುವನಂತಪುರದ ಬಳಿಯ ತುಂಬ ಎಂಬ ಊರಿಗೆ ಹೆಸರು ಬಂದುದು ಈ ಪುಟ್ಟ ಗಿಡದಿಂದ. 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಶೋಧಕ ರಾಕೆಟ್ಟು ಹಾರಿದುದು ಅಲ್ಲಿಂದಲೇ. ಅಲ್ಲಿನದು ಕಡಲ ಮರಳು, ಇಲ್ಲಿನದು ಎರೆ. ಗಿಡ ಮಾತ್ರ ಒಂದೇ.

ಇನ್ನು ನಮ್ಮ ಅಂಗಳದ ಮಾತು. ಹಿಂದೊಮ್ಮೆ ನಾವು ಎರೆಯಲ್ಲಿ ಕುಣಿ ತೋಡಿ, ಕೆಮ್ಮಣ್ಣು ಮರಳು ತುಂಬಿ, ಸಸಿಗಳನ್ನು ನೆಟ್ಟೆವು. ಒಳ್ಳೆಯದೆಂದೇ ಮಾಡಿದುದು. ಆದರೆ ಸುತ್ತಲಿನ ಜೇಡಿ ನೀರನ್ನು ಬಿಟ್ಟುಕೊಡದೆ, ಕುಣಿಯು ಗಡಿಗೆಯಂತಾಗಿ, ಶ್ರಾವಣದಲ್ಲಿಯೇ ಬೇರುಗಳು ಕೊಳೆತವು. ಅಗೆದ ಎರೆಯನ್ನೇ ಗೊಬ್ಬರ ಬೆರೆಸಿ ಮರಳಿ ತುಂಬಿ, ಬುಡವನ್ನು ತುಸು ಎತ್ತರಿಸಬೇಕಾಗಿತ್ತು. ಬೇಸಿಗೆಗೆ ಮುಂಚೆ ಬುಡಕ್ಕೆ ಜೋಳದ ಕಣಿಕೆ, ಒಣ ಎಲೆ ಹೊದಿಸಿದರೆ ಬಿರುಕು ಕಡಿಮೆ. ಈ ಸಲ ನೀರು ನಿಲ್ಲುವ ಹಿಂಗೋಡೆಯ ಬಳಿ ಜಾಲಿಯನ್ನೂ, ಎತ್ತರದ ಬದುವಿನಲ್ಲಿ ಬೇವು ಬನ್ನಿಗಳನ್ನೂ ಇಡೋಣ. ಬೀಜ ಆಯುವ ಕೆಲಸ ಎಂಟನೆಯ ತರಗತಿಯವರದು.