ಆತಕೂರು ಶಾಸನ: ಒಂದು ಊರಿನ ಚರಿತ್ರೆ ಮತ್ತು ಅದರ ಹೆಗ್ಗುರುತುಗಳು

ಪೀಠಿಕೆ

ಕನ್ನಡ ನಾಡಿನ ಗ್ರಾಮಗಳ ಪ್ರಾಚೀನ ಚರಿತ್ರೆಯನ್ನು ರೂಪಿಸಿಕೊಳ್ಳಲು ಶಾಸನಗಳು ಪ್ರಧಾನ ಆಕರಗಳಾಗಿವೆ. ಆದರೆ ಈ ಆಕರಗಳನ್ನು ರಾಜವಂಶಗಳ ಕಾಲನಿರ್ಣಯ, ಯುದ್ಧ ಹಾಗೂ ಬಿರುದುಗಳ ವಿವೇಚನೆಗೆ ಬಳಸಿಕೊಂಡಷ್ಟು ವ್ಯಾಪಕವಾಗಿ, ಅವು ನಿಂತಿದ್ದ ಊರುಗಳ ಅಧ್ಯಯನಕ್ಕೆ ಬಳಸಿಕೊಂಡಿಲ್ಲ. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಶಾಸನಗಳ ಓದಿನ ದಿಕ್ಕನ್ನು ಬದಲಿಸಿತು, ಆರ್. ಶೇಷಶಾಸ್ತ್ರಿಯವರ ‘ಕರ್ನಾಟಕದ ವೀರಗಲ್ಲುಗಳು’ ಸ್ಮಾರಕಶಿಲೆಗಳನ್ನು ಪ್ರತ್ಯೇಕ ಅಧ್ಯಯನದ ವಸ್ತುವಾಗಿಸಿತು. ಈ ಹಿನ್ನೆಲೆಯಲ್ಲಿ ಕ್ರಿ.ಶ. 949-50ರ ಆತಕೂರು ಶಾಸನವನ್ನು ಗ್ರಾಮಚರಿತ್ರೆಯ ದಾಖಲೆಯಾಗಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಇಂದಿನ ಆತಗೂರೇ ಶಾಸನೋಕ್ತ ಆತುಕೂರು. ಸ್ವರಮಧ್ಯದ ಕಕಾರ ಗಕಾರವಾಗಿರುವುದನ್ನು ಬಿಟ್ಟರೆ ಊರಿನ ಹೆಸರು ಸಾವಿರಕ್ಕೂ ಹೆಚ್ಚು ವರ್ಷಗಳಿಂದ ಹೆಚ್ಚು ಬದಲಾಗದೆ ಉಳಿದು ಬಂದಿದೆ. ಅಂದು ಅದು ಹನ್ನೆರಡು ಹಳ್ಳಿಗಳ ಒಂದು ಚಿಕ್ಕ ಆಡಳಿತ ಘಟಕದ ಕೇಂದ್ರವಾಗಿತ್ತೆಂಬುದು ‘ಆತುಕೂರ್ ಪನ್ನೆರಡು’ ಎಂಬ ಪ್ರಯೋಗದಿಂದ ತಿಳಿದುಬರುತ್ತದೆ.

ಶಾಸನದ ಎರಡು ನೆಲೆಗಳು

ಬಿ.ಎಲ್. ರೈಸ್ ಅವರು ಈ ಶಾಸನವನ್ನು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟದಲ್ಲಿ ಪ್ರಕಟಿಸಿದರು, ಜೆ.ಎಫ್. ಫ್ಲೀಟ್ ಅವರು ಎಪಿಗ್ರಾಫಿಯ ಇಂಡಿಕದಲ್ಲಿ ಅದನ್ನು ಸವಿವರವಾಗಿ ಸಂಪಾದಿಸಿದರು. ಅಂದಿನಿಂದಲೂ ವಿದ್ವಾಂಸರ ಗಮನ ಮುಖ್ಯವಾಗಿ ತಕ್ಕೋಲದ ಯುದ್ಧದ ಮೇಲೆಯೇ ನೆಲೆಗೊಂಡಿದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನು ಚೋಳರ ವಿರುದ್ಧ ನಡೆಸಿದ ಈ ಯುದ್ಧದಲ್ಲಿ ಅವನ ಭಾವನೂ ಗಂಗ ಅರಸನೂ ಆದ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನೆಂದೂ, ಅದಕ್ಕೆ ಮೆಚ್ಚಿ ಕೃಷ್ಣನು ಅವನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮುನ್ನೂರು, ಪುರಿಗೆರೆ ಮುನ್ನೂರು, ಕಿಸುಕಾಡು ಎಪ್ಪತ್ತು, ಬಾಗೆನಾಡು ಎಪ್ಪತ್ತು ಎಂಬ ಪ್ರದೇಶಗಳನ್ನು ನೀಡಿದನೆಂದೂ ಶಾಸನ ಹೇಳುತ್ತದೆ. ರಾಜಾದಿತ್ಯನ ವಧೆಯನ್ನು ಹೇಳುವ ಭಾಗದಲ್ಲಿ ‘ಬಿಸುಗೆ’ ಎಂಬ ಪದದ ಅರ್ಥವನ್ನು ಕುರಿತು ದೀರ್ಘ ಚರ್ಚೆಯೇ ನಡೆದಿದೆ. ಬೂತುಗನು ಮೋಸದಿಂದ ಕೊಂದನೆಂಬ ಮೊದಲಿನ ವ್ಯಾಖ್ಯಾನವನ್ನು ಕೈಬಿಟ್ಟು, ಆನೆಯ ಮೇಲಣ ಅಂಬಾರಿಯನ್ನೇ ರಣರಂಗವಾಗಿಸಿಕೊಂಡು ಕೊಂದನೆಂಬ ಅರ್ಥವನ್ನು ಒಪ್ಪಲಾಗಿದೆ. ರಾಜಾದಿತ್ಯನು ಆನೆಯ ಮೇಲೆಯೇ ಮಡಿದನೆಂಬ ಚೋಳರ ಶಾಸನದ ಹೇಳಿಕೆಯೂ ಇದಕ್ಕೆ ಪೂರಕವಾಗಿದೆ.

ಇವೆಲ್ಲವೂ ಮಹತ್ವದ ಸಂಗತಿಗಳೇ. ಆದರೆ ಕಲ್ಲನ್ನು ನೆಡಿಸಿದ್ದು ಈ ಯುದ್ಧದ ನೆನಪಿಗಲ್ಲ ಎಂಬುದನ್ನು ಗಮನಿಸಬೇಕು. ಅದು ‘ಕಾಳಿ’ ಎಂಬ ಹೆಸರಿನ ಒಂದು ಬೇಟೆನಾಯಿಯ ಸ್ಮಾರಕ. ಸಗರವಂಶದವನೆಂದೂ ವಲಭೀಪುರವರೇಶ್ವರನೆಂದೂ ವರ್ಣಿತನಾದ ಮಣಲೆರನು ಬೂತುಗನ ಆಳು. ಯುದ್ಧದಲ್ಲಿ ಅವನು ತೋರಿದ ಪರಾಕ್ರಮಕ್ಕೆ ಮೆಚ್ಚಿದ ಬೂತುಗನು ಬೇಡಿದ್ದನ್ನು ಕೊಡುವೆನೆಂದಾಗ ಅವನು ಕೇಳಿದ್ದು ಕಾಳಿಯನ್ನು. ಕೆಲಲೆನಾಡಿನ ಬೆಳತೂರಿನ ಮೊರಡಿಯಲ್ಲಿ ಆ ನಾಯಿಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಡಲಾಗಿ, ನಾಯಿಯೂ ಹಂದಿಯೂ ಒಂದನ್ನೊಂದು ಕೊಂದು ಸತ್ತವು. ಶಿಲೆಯಲ್ಲಿ ಬಿಡಿಸಿರುವುದು ಈ ಕಾದಾಟವನ್ನೇ, ರಾಜಾದಿತ್ಯನ ವಧೆಯನ್ನಲ್ಲ. ಅಕ್ಷರ ಬಾರದವರೂ ಈ ಕಲ್ಲಿನಲ್ಲಿ ಓದಿಕೊಳ್ಳಬಹುದಾಗಿದ್ದ ಪಠ್ಯ ನಾಯಿ-ಹಂದಿಗಳ ಚಿತ್ರವೇ ಆಗಿತ್ತು.

ಪ್ರಾಣಿಗೆ ಸ್ಮಾರಕ ನಿಲ್ಲಿಸಿದ್ದು ಇದೊಂದೇ ನಿದರ್ಶನವಲ್ಲ. ತಮಿಳುನಾಡಿನ ಎಡುತ್ತನೂರಿನಲ್ಲಿ ಪಲ್ಲವ ಮಹೇಂದ್ರವರ್ಮನ ಕಾಲದ ವೀರಗಲ್ಲು ಕಳ್ಳರನ್ನು ಎದುರಿಸಿದ ನಾಯಿಯನ್ನು ಹೆಸರಿಸಿ ಸ್ಮರಿಸುತ್ತದೆ. ಆತಕೂರಿನ ವಿಶೇಷವೆಂದರೆ ಸ್ಮಾರಕವನ್ನು ಊರಿನ ಜೀವನಕ್ಕೆ ಕಟ್ಟಿಹಾಕಿದ ಬಗೆ.

ಹೆಗ್ಗುರುತುಗಳ ಪರಸ್ಪರ ಸಂಬಂಧ

ಶಾಸನವು ಊರಿನ ಮೂರು ಹೆಗ್ಗುರುತುಗಳನ್ನು ಉಲ್ಲೇಖಿಸುತ್ತದೆ: ಚಲ್ಲೇಶ್ವರ ದೇಗುಲ, ಪಿರಿಯ ಕೆರೆ ಹಾಗೂ ಆ ಕೆರೆಯ ಕೆಳಗಣ ಗದ್ದೆ. ನಾಲ್ಕನೆಯದು ಸ್ವತಃ ಆ ಕಲ್ಲು. ಕಲ್ಲನ್ನು ಚಲ್ಲೇಶ್ವರದ ಮುಂದೆ ನೆಟ್ಟು, ಪಿರಿಯ ಕೆರೆಯ ಕೆಳಗೆ ಎರಡು ಖಂಡುಗದ ಭೂಮಿಯನ್ನು ಅದಕ್ಕೆ ಬಿಡಲಾಯಿತು. ಖಂಡುಗವು ಮೂಲತಃ ಧಾನ್ಯದ ಅಳತೆ. ನೆಲವನ್ನು ಧಾನ್ಯದಿಂದ ಅಳೆಯುವ ಈ ಪದ್ಧತಿಯಲ್ಲಿ ದತ್ತಿಯ ಬೆಲೆ ವಿಸ್ತೀರ್ಣದಲ್ಲಿಲ್ಲ, ಫಲದಲ್ಲಿದೆ. ಕೆರೆಯಲ್ಲಿ ನೀರಿದ್ದರೆ ಗದ್ದೆಯಲ್ಲಿ ಬೆಳೆ. ಬೆಳೆಯಿದ್ದರೆ ಕಲ್ಲಿಗೆ ಪೂಜೆ. ಹೀಗೆ ಒಂದು ನಾಯಿಯ ನೆನಪು ಊರಿನ ಕೆರೆಯ ಸುಸ್ಥಿತಿಯನ್ನು ಅವಲಂಬಿಸುವಂತಾಯಿತು.

‘ಪಿರಿಯ ಕೆರೆ’ ಎಂಬ ವಿಶೇಷಣವೂ ಅರ್ಥಪೂರ್ಣವಾದುದು. ಹಿರಿದೆಂದು ಕರೆಯಬೇಕಾದರೆ ಅದಕ್ಕಿಂತ ಕಿರಿದಾದ ಜಲಾಶಯವೂ ಊರಿನ ಪರಿಸರದಲ್ಲಿ ಇದ್ದಿರಬೇಕು. ಹತ್ತನೆಯ ಶತಮಾನದ ಮಧ್ಯಭಾಗಕ್ಕಾಗಲೇ ಆತುಕೂರು ಕೆರೆನೀರಾವರಿಯಲ್ಲಿ ನೆಲೆಗೊಂಡಿದ್ದ ಕೃಷಿ ಸಮುದಾಯವಾಗಿತ್ತೆಂದು ಇದರಿಂದ ಊಹಿಸಲು ಅವಕಾಶವಿದೆ.

ಶಾಪಾಶಯದ ಭಾಗವು ಈ ಸಮುದಾಯದ ರಚನೆಯನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ದತ್ತಿಯನ್ನು ಕೆಡಿಸಬಹುದಾದವರನ್ನು ಕುರಿತು ಹೇಳುವಾಗ ಶಾಸನವು ನಾಡನ್ನು ಆಳುವವರು, ಊರನ್ನು ಆಳುವವರು, ಒಕ್ಕಲುಗಳು ಎಂದು ಅಧಿಕಾರದ ಹಲವು ಸ್ತರಗಳನ್ನು ಬಿಡಿಬಿಡಿಯಾಗಿ ಹೆಸರಿಸುತ್ತದೆ. ದೇಗುಲದ ಸ್ಥಾನವನ್ನು ನೋಡಿಕೊಳ್ಳುವ ಗೊರವನು ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ನಾಯಿ ಗೈದ ಪಾಪ ತಗಲುವುದೆಂದು ಎಚ್ಚರಿಸುತ್ತದೆ. ದಾನಶಾಸನಗಳಲ್ಲಿ ಸಾಮಾನ್ಯವಾಗಿ ಕಾಣುವ ವಾರಣಾಸಿ, ಕವಿಲೆ, ಬ್ರಾಹ್ಮಣಹತ್ಯೆಗಳ ಶಾಪವನ್ನು ಇಲ್ಲಿ ಸ್ಮಾರಕಕ್ಕೆ ತಕ್ಕಂತೆ ಬದಲಿಸಿಕೊಂಡಿರುವುದು ಗಮನಾರ್ಹ. ರಾಜಾಜ್ಞೆಯಷ್ಟೇ ಸಾಲದೆಂದು ಬಲ್ಲವರು ಸ್ಮರಣೆಯನ್ನು ಗೊರವನ ದಿನನಿತ್ಯದ ಊಟದ ಹೊತ್ತಿಗೆ ಜೋಡಿಸಿದ್ದಾರೆ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಇಂದಿನ ಗೊರವರು ಮೈಲಾರಲಿಂಗನ ಒಕ್ಕಲುಗಳು. ತಮ್ಮನ್ನು ದೇವರ ನಾಯಿಗಳೆಂದು ಭಾವಿಸಿ ಬೊಗಳುವುದು, ದೋಣಿಸೇವೆ ನಡೆಸುವುದು ಅವರ ಆಚರಣೆಯ ಅಂಗ. ಇದನ್ನು ಕಾಳಿಯ ಪೂಜೆಯೊಂದಿಗೆ ಸಮೀಕರಿಸುವ ಆಸೆ ಸಹಜವಾದರೂ ಸಾಧುವಲ್ಲ. ಹತ್ತನೆಯ ಶತಮಾನದ ಶಾಸನಗಳಲ್ಲಿ ಗೊರವನೆಂದರೆ ಶಿವದೇಗುಲದ ಸ್ಥಾನವನ್ನು ನಿರ್ವಹಿಸುತ್ತಿದ್ದ ಶೈವ. ಪದ ಒಂದೇ ಆಗಿರುವುದರಿಂದ ಆಚರಣೆಯೂ ಒಂದೇ ಎನ್ನಲಾಗದು.

ಕಲ್ಲಿನ ಸ್ಥಳಾಂತರ

ಆತಕೂರು ಶಾಸನಶಿಲೆಯು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಕೃಷಿ, ಮಳೆ, ಬಿಸಿಲು, ನಿಧಿಶೋಧಕರ ಹಾವಳಿಗಳಿಂದ ಅಸಂಖ್ಯಾತ ಶಾಸನಗಳು ನಾಶವಾಗಿರುವ ನಾಡಿನಲ್ಲಿ ಇದು ಸುರಕ್ಷಿತವಾಗಿ ಉಳಿದದ್ದು ಸಣ್ಣ ಮಾತಲ್ಲ. ಆದರೆ ಈ ಸಂರಕ್ಷಣೆಯಿಂದ ಉಳಿದದ್ದು ಅಕ್ಷರ ಹಾಗೂ ಶಿಲ್ಪ. ದೇಗುಲದ ಮುಂದೆ ಎಂಬ ನೆಲೆ, ಕೆರೆಯ ಕೆಳಗೆ ಎಂಬ ಆಧಾರ, ಗೊರವನ ಕರ್ತವ್ಯ ಇವು ಕಲ್ಲಿನೊಂದಿಗೆ ಪ್ರಯಾಣ ಮಾಡಲಾರವು. ವಸ್ತುಸಂಗ್ರಹಾಲಯದಲ್ಲಿ ಅದು ‘ತಕ್ಕೋಲ ಯುದ್ಧದ ಶಾಸನ’ವಾಗಿ ಸುಲಭವಾಗಿ ಓದಿಸಿಕೊಳ್ಳುತ್ತದೆ; ‘ಪಿರಿಯ ಕೆರೆಯ ಕೆಳಗೆ’ ಎಂಬ ಮಾತಿಗೆ ಅಲ್ಲಿ ಕೈತೋರಿಸಿ ಹೇಳಬಹುದಾದ ಕೆರೆಯಿಲ್ಲ. ಸಾಮ್ರಾಜ್ಯದ ಚರಿತ್ರೆ ಎಲ್ಲಿಗಾದರೂ ಒಯ್ಯಬಹುದಾದುದು, ಊರಿನ ಚರಿತ್ರೆ ಹಾಗಲ್ಲ ಎಂಬುದು ಇದರಿಂದ ಮನದಟ್ಟಾಗುತ್ತದೆ.

ಉಪಸಂಹಾರ

ಮೇಲಿನ ವಿವೇಚನೆಯಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಒಂದು, ಆತಕೂರು ಶಾಸನದ ಯುದ್ಧಭಾಗ ಹಾಗೂ ಸ್ಮಾರಕಭಾಗಗಳನ್ನು ಬೇರ್ಪಡಿಸಿ ಓದುವುದು ಸರಿಯಲ್ಲ. ಪ್ರಾಂತಗಳ ದಾನ ಪಡೆದ ಬೂತುಗನಿಂದ ನಾಯಿಯನ್ನು ಪಡೆದ ಮಣಲೆರ, ಅವನಿಂದ ಎರಡು ಖಂಡುಗ ನೆಲ ಪಡೆದ ಕಲ್ಲು, ಆ ನೆಲವನ್ನು ಉತ್ತ ಒಕ್ಕಲು ಇವರೆಲ್ಲರೂ ಒಂದೇ ಸರಪಣಿಯ ಕೊಂಡಿಗಳು. ಎರಡು, ಗ್ರಾಮಚರಿತ್ರೆಯ ಸಂಶೋಧಕನು ಶಾಸನಪಾಠವನ್ನು ಸಂಪುಟದಲ್ಲಿ ಓದಿದರೆ ಸಾಲದು. ಅದರಲ್ಲಿ ಬರುವ ಕೆರೆ, ಗದ್ದೆ, ಮೊರಡಿ, ದೇಗುಲಗಳನ್ನು ನೆಲದ ಮೇಲೆ ಗುರುತಿಸಿ, ಊರವರ ಬಾಯಲ್ಲಿರುವ ಹೊಲಗದ್ದೆಗಳ ಹೆಸರುಗಳನ್ನು ಶಾಸನೋಕ್ತ ಹೆಸರುಗಳೊಂದಿಗೆ ಹೋಲಿಸಿ ನೋಡಬೇಕು. ಕೆರೆಗಳು ಹೂಳು ತುಂಬಿ, ಹೊಲಗಳ ಹಳೆಯ ಹೆಸರುಗಳು ಸರ್ವೆ ನಂಬರುಗಳ ಹಿಂದೆ ಮರೆಯಾಗುತ್ತಿರುವ ಸಂದರ್ಭದಲ್ಲಿ ಈ ಕ್ಷೇತ್ರಕಾರ್ಯ ತುರ್ತಿನದಾಗಿದೆ. ಕಲ್ಲು ಭದ್ರವಾಗಿದೆ, ಅದು ಹೆಸರಿಸಿದ ನೆಲದ ಗುರುತುಗಳಿಗೆ ಅಂಥ ಭದ್ರತೆಯಿಲ್ಲ.