ಅಂಚಿನಿಂದ ಕಸುಬಿನೊಳಕ್ಕೆ: ಕನ್ನಡ ವಿದ್ಯಾರ್ಥಿಯ ಇಂಟರ್ನ್‌ಷಿಪ್ ಮತ್ತು ವೃತ್ತಿ ಅಸ್ಮಿತೆ

ವೈದ್ಯಕೀಯ, ಕಾನೂನು, ಎಂಜಿನಿಯರಿಂಗ್ ಶಿಕ್ಷಣಗಳಲ್ಲಿ ಬಹುಕಾಲದಿಂದ ರೂಢಿಯಲ್ಲಿರುವ ಇಂಟರ್ನ್‌ಷಿಪ್ ಇದೀಗ ಕನ್ನಡ ವಿಭಾಗಗಳ ಬಾಗಿಲನ್ನೂ ತಟ್ಟಿದೆ. ರಾಷ್ಟ್ರೀಯ ಶಿಕ್ಷಣ ನೀತಿ 2020ರ ತರುವಾಯ ಮಾನವಿಕ ವಿಷಯಗಳಿಗೂ ಇದನ್ನು ವಿಸ್ತರಿಸುವ ಪ್ರಯತ್ನ ಬಲಗೊಂಡಿತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2024ರಲ್ಲಿ ಹೊರಡಿಸಿದ ಮಾರ್ಗಸೂಚಿಯು ಪದವಿ ವಿದ್ಯಾರ್ಥಿಗಳ ಇಂಟರ್ನ್‌ಷಿಪ್ಪನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಒಂದು ಉದ್ಯೋಗಾರ್ಹತೆಯನ್ನು ಹೆಚ್ಚಿಸುವಂಥದು, ಇನ್ನೊಂದು ಸಂಶೋಧನ ಪ್ರವೃತ್ತಿಯನ್ನು ಬೆಳೆಸುವಂಥದು. ಕರ್ನಾಟಕದಲ್ಲಿ 2021-22ರಲ್ಲಿ ಜಾರಿಗೆ ಬಂದ ನಾಲ್ಕು ವರ್ಷದ ಪದವಿಯನ್ನು 2024-25ರಿಂದ ಕೈಬಿಡಲಾಯಿತಾದರೂ ಅದು ಎತ್ತಿದ ಪ್ರಶ್ನೆ ಉಳಿದುಕೊಂಡಿದೆ. ಕನ್ನಡ ಸಾಹಿತ್ಯವನ್ನು ಓದುವ ವಿದ್ಯಾರ್ಥಿ ಎಲ್ಲಿಗೆ ಹೋಗಿ ಏನನ್ನು ಕಲಿತು ಬರಬೇಕು? ಬಂದ ಮೇಲೆ ಆತ ಅಥವಾ ಆಕೆ ತನ್ನನ್ನು ಏನೆಂದು ಕರೆದುಕೊಳ್ಳಬೇಕು? ಒಂದು ಕ್ರೆಡಿಟ್ಟಿಗೆ ಮೂವತ್ತು ಗಂಟೆ ಎಂಬ ಲೆಕ್ಕ ಮೊದಲ ಪ್ರಶ್ನೆಗೇ ಪೂರ್ಣ ಉತ್ತರವಲ್ಲ; ಎರಡನೆಯದನ್ನಂತೂ ಅದು ಮುಟ್ಟುವುದೇ ಇಲ್ಲ. ಪ್ರಸ್ತುತ ಲೇಖನವು ಆ ಎರಡನೆಯ ಪ್ರಶ್ನೆಯನ್ನು ಹಸ್ತಪ್ರತಿ ವಿಭಾಗದ ಕೆಲಸವನ್ನು ಮುಖ್ಯ ನಿದರ್ಶನವಾಗಿಟ್ಟುಕೊಂಡು ಪರಿಶೀಲಿಸುತ್ತದೆ.

ಇಂಟರ್ನ್‌ಷಿಪ್ ಎಂಬ ಶಬ್ದ ಹೊಸದಾದರೂ ಅದು ಸೂಚಿಸುವ ಸ್ಥಿತಿ ನಮಗೆ ಹೊಸದಲ್ಲ. ಹಿಂದಿನ ಕಚೇರಿಗಳಲ್ಲಿ 'ಉಮೇದುವಾರ' ಎಂಬೊಬ್ಬನಿರುತ್ತಿದ್ದ. ಫಾರಸಿ ಮೂಲದ ಈ ಮಾತಿನ ಒಡಲಲ್ಲಿರುವುದು 'ಉಮೇದು', ಅಂದರೆ ಆಸೆ. ಮುಂದೆ ಕೆಲಸ ಖಾಯಮ್ಮಾದೀತೆಂಬ ಆಸೆಯಿಂದ ಸಂಬಳವಿಲ್ಲದೆ ಕಾಗದಪತ್ರ ಬರೆಯುತ್ತಿದ್ದವನು ಉಮೇದುವಾರ. ಅವನು ಕಲಿಯುತ್ತಿದ್ದುದು ನಿಜ, ಕಾಯುತ್ತಿದ್ದುದೂ ನಿಜ. ಇಂದಿನ ಶಬ್ದವು ಕಲಿಕೆಯನ್ನು ಎತ್ತಿ ಹೇಳಿ ಕಾಯುವಿಕೆಯನ್ನು ಮರೆಸುತ್ತದೆ; ಹಳೆಯ ಶಬ್ದಕ್ಕೆ ಆ ಮಟ್ಟಿಗೆ ಹೆಚ್ಚು ಪ್ರಾಮಾಣಿಕತೆಯಿತ್ತು.

ಕೆಲಸದ ನಡುವಿನ ಕಲಿಕೆಯನ್ನು ಕುರಿತ ಆಧುನಿಕ ಚಿಂತನೆಯಲ್ಲಿ ಜೀನ್ ಲೇವ್ ಮತ್ತು ಎಟಿಯೆನ್ ವೆಂಗರ್ ಅವರು 1991ರಲ್ಲಿ ಪ್ರಕಟಿಸಿದ ಕೃತಿಗೆ ಮಹತ್ತ್ವದ ಸ್ಥಾನವಿದೆ. ಅವರ ಪ್ರಕಾರ ಕಲಿಕೆಯೆಂದರೆ ತಲೆಯೊಳಗೆ ಮಾಹಿತಿ ತುಂಬಿಕೊಳ್ಳುವುದಲ್ಲ. ಒಂದು ಕಸುಬಿನ ಸಮುದಾಯದ ಅಂಚಿನಲ್ಲಿ ಮಾನ್ಯತೆ ಪಡೆದು ನಿಂತವನು ಕ್ರಮೇಣ ಅದರ ಒಳಕ್ಕೆ ಸರಿಯುವುದು. ಹೀಗೆ ಸರಿಯುವಾಗ ಬದಲಾಗುವುದು ಅವನ ತಿಳಿವಳಿಕೆ ಮಾತ್ರವಲ್ಲ, ಅವನು ಯಾರು ಎಂಬುದೂ ಬದಲಾಗುತ್ತದೆ. ಕಲಿಕೆ ಮತ್ತು ಅಸ್ಮಿತೆ ಒಂದೇ ಪ್ರಕ್ರಿಯೆಯ ಎರಡು ಮುಖಗಳೆಂಬ ಈ ನಿಲುವು ನಮ್ಮ ಚರ್ಚೆಗೆ ಉಪಯುಕ್ತವಾದುದು.

ಅವರು ಚರ್ಚಿಸುವ ನಿದರ್ಶನಗಳಲ್ಲಿ ಎರಡನ್ನು ಇಲ್ಲಿ ಎದುರುಬದುರಾಗಿ ಇಟ್ಟು ನೋಡಬಹುದು. ಲೈಬೀರಿಯಾದ ವಾಯ್ ಮತ್ತು ಗೋಲಾ ದರ್ಜಿಗಳಲ್ಲಿ ಹೊಸಬನು ಉಡುಪು ತಯಾರಿಕೆಯನ್ನು ಹಿಂದುಮುಂದಾಗಿ ಕಲಿಯುತ್ತಾನೆ. ಮೊದಲು ಸಿದ್ಧವಾಗುತ್ತಿರುವ ಬಟ್ಟೆಗೆ ಗುಂಡಿ ಹಚ್ಚುವುದು, ಅಂಚು ಮಡಿಸುವುದು, ಬಳಿಕ ಹೊಲಿಗೆ, ಬಟ್ಟೆಯನ್ನು ಕತ್ತರಿಸುವ ಕೆಲಸ ಕಟ್ಟಕಡೆಗೆ. ಗುಂಡಿ ತಪ್ಪಿದರೆ ಬಿಚ್ಚಿ ಹಚ್ಚಬಹುದು, ಕತ್ತರಿ ತಪ್ಪಿದರೆ ಬಟ್ಟೆಯೇ ಹೋಯಿತು. ಅದಕ್ಕಿಂತ ಮುಖ್ಯವಾದುದೆಂದರೆ ಹೊಸಬನ ಕಣ್ಣೆದುರು ಮೊದಲ ದಿನದಿಂದಲೇ ಇಡೀ ಉಡುಪು ಇರುತ್ತದೆ. ಇದಕ್ಕೆ ವಿರುದ್ಧವಾದುದು ಅಮೆರಿಕದ ಸೂಪರ್ ಮಾರ್ಕೆಟ್ಟಿನಲ್ಲಿ ಮಾಂಸ ಕತ್ತರಿಸುವ ಕಸುಬನ್ನು ಕಲಿಯಲು ಬಂದವರ ಸ್ಥಿತಿ. ಅಲ್ಲಿ ಹೊಸಬರನ್ನು ಮಾಂಸವನ್ನು ಸುತ್ತಿಕಟ್ಟುವ ಮೇಜಿಗೆ ಹಚ್ಚುತ್ತಿದ್ದರು. ನುರಿತವರು ಕತ್ತರಿಸುವ ಸ್ಥಳ ಆ ಮೇಜಿನಿಂದ ಕಾಣುತ್ತಿರಲಿಲ್ಲ. ವರ್ಷಗಟ್ಟಲೆ ಮಾಂಸದಂಗಡಿಯಲ್ಲಿದ್ದೂ ಕಸುಬು ಅವರ ಕಣ್ಣಿಗೆ ಬೀಳದೆ ಹೋಗುವ ಸಾಧ್ಯತೆಯಿತ್ತು.

ಈ ವಿಚಾರವನ್ನು ಅರಿಯಲು ಲೈಬೀರಿಯಾದವರೆಗೆ ಹೋಗಬೇಕಿಲ್ಲ ಎಂದು ಕರಾವಳಿಯ ಓದುಗರು ಹೇಳಬಹುದು, ಅದು ಸರಿಯೇ. ಇಡೀ ರಾತ್ರಿಯ ಯಕ್ಷಗಾನದಲ್ಲಿ ಪೂರ್ವರಂಗದ ಕೋಡಂಗಿ, ಬಾಲಗೋಪಾಲ ವೇಷಗಳು ಹೊಸಬರ ಪಾಲಿನವು. ಕಥಾಭಾಗವಿನ್ನೂ ಆರಂಭವಾಗದ, ಪ್ರೇಕ್ಷಕರು ಬಂದು ಕುಳಿತುಕೊಳ್ಳುತ್ತಿರುವ ಹೊತ್ತಿನಲ್ಲಿ ಹುಡುಗ ನಿಜವಾದ ರಂಗಸ್ಥಳದಲ್ಲಿ, ನಿಜವಾದ ಚೆಂಡೆ ಮದ್ದಳೆಗಳಿಗೆ ಹೆಜ್ಜೆ ಹಾಕುತ್ತಾನೆ. ಆಮೇಲಿನ ರಾತ್ರಿಯೆಲ್ಲ ಚೌಕಿಯಲ್ಲಿ ಹಿರಿಯರ ಬಣ್ಣಗಾರಿಕೆಯನ್ನೂ ಬದಿಯಿಂದ ಅವರ ಅರ್ಥಗಾರಿಕೆಯನ್ನೂ ನೋಡುತ್ತಾನೆ. ಕಾಲಮಿತಿಯ ಪ್ರದರ್ಶನಗಳಲ್ಲಿ ಪೂರ್ವರಂಗ ಮೊಟಕಾದಾಗ ಪ್ರೇಕ್ಷಕ ಕಳೆದುಕೊಂಡುದೇನು ಎಂಬ ಚರ್ಚೆ ಸಾಕಷ್ಟು ನಡೆದಿದೆ. ಹೊಸ ವೇಷಧಾರಿ ಕಳೆದುಕೊಂಡ ಆ ಅಂಚಿನ ಜಾಗದ ಚರ್ಚೆಯೂ ನಡೆಯಬೇಕಾಗಿದೆ.

ಇನ್ನು ಹಸ್ತಪ್ರತಿ ವಿಭಾಗಕ್ಕೆ ಬರೋಣ. ಎಂ.ಎ. ವಿದ್ಯಾರ್ಥಿ ಡಿ.ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ಓದಿರುತ್ತಾನೆ. ಪಾಠಾಂತರ, ಪ್ರಕ್ಷೇಪ, ಊಹಾಪಾಠ ಮುಂತಾದ ಪರಿಭಾಷೆಗಳಿಗೆ ಟಿಪ್ಪಣಿ ಬರೆಯಬಲ್ಲ. ಛಂದಸ್ಸಿನ ಪತ್ರಿಕೆಯಲ್ಲಿ ಭಾಮಿನಿ ಷಟ್ಪದಿಗೆ ಪ್ರಸ್ತಾರ ಹಾಕಿ ಗಣ ವಿಭಾಗವನ್ನೂ ಮಾಡಿರುತ್ತಾನೆ. ಇವೆರಡೂ ಬೇರೆ ಬೇರೆ ಪತ್ರಿಕೆಗಳು, ಬೇರೆ ಬೇರೆ ಅಂಕಗಳು. ಓಲೆಗರಿಯ ಮುಂದೆ ಕುಳಿತಾಗ ಮಾತ್ರ ಅವು ಒಂದನ್ನೊಂದು ಕೂಡುತ್ತವೆ.

ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಎ-ಏ, ಒ-ಓ ಸ್ವರಗಳ ಹ್ರಸ್ವ ದೀರ್ಘ ಭೇದವನ್ನು ಹಳೆಯ ಲಿಪಿಕಾರರು ಸಾಮಾನ್ಯವಾಗಿ ತೋರಿಸುವುದಿಲ್ಲ. ಎಷ್ಟೋ ಕಡೆ ಅಲ್ಪಪ್ರಾಣ ಮಹಾಪ್ರಾಣಗಳೂ ಕಲಸಿಹೋಗಿರುತ್ತವೆ. 'ತೆರು' ಎಂದಿರುವುದು ತೆರುವ ಕಪ್ಪವೋ ಎಳೆಯುವ ತೇರೋ ಎಂಬುದನ್ನು ಅಕ್ಷರ ಹೇಳಲಾರದು. ಭಾಮಿನಿಯ ಒಂದು, ಎರಡು, ನಾಲ್ಕು, ಐದನೆಯ ಸಾಲುಗಳಲ್ಲಿ ಮೂರು ನಾಲ್ಕು ಮೂರು ನಾಲ್ಕರಂತೆ ಹದಿನಾಲ್ಕು ಮಾತ್ರೆಗಳು ಬರಬೇಕು. ಮೂರು ಮಾತ್ರೆಯ ಗಣ ಬೀಳಬೇಕಾದ ಜಾಗದಲ್ಲಿ 'ತೆರು' ಎಂದು ಓದಿದರೆ ಎರಡೇ ಮಾತ್ರೆ ದೊರೆಯುತ್ತದೆ, ಸಾಲು ಕುಂಟುತ್ತದೆ. 'ತೇರು' ಎಂದೊಡನೆ ನಡಿಗೆ ಸರಿಯಾಗುತ್ತದೆ. ಪರೀಕ್ಷೆಗೆಂದು ಕಲಿತ ಪ್ರಸ್ತಾರ ಇಲ್ಲಿ ಓದುವ ಉಪಕರಣವಾಗುತ್ತದೆ. ಹಾಗೆಯೇ ಎರಡನೆಯ ಅಕ್ಷರದ ಪ್ರಾಸವು ಹುಳು ತಿಂದ ಅಕ್ಷರವನ್ನು ಊಹಿಸಲು ನೆರವಾಗುತ್ತದೆ.

ಆದರೆ ನಿಜವಾದ ಕಲಿಕೆ ಇದರ ಮುಂದಿನ ಹೆಜ್ಜೆಯಲ್ಲಿದೆ. ಎಲ್ಲ ಸ್ವರಗಳನ್ನೂ ದೀರ್ಘ ಮಾಡಿ ನೋಡಿದರೂ ಒಂದು ಸಾಲಿನಲ್ಲಿ ಎರಡು ಮಾತ್ರೆ ಕಡಿಮೆಯೇ ಉಳಿಯುತ್ತದೆ ಎಂದುಕೊಳ್ಳೋಣ. ಲಿಪಿಕಾರ ಒಂದೆರಡು ಅಕ್ಷರಗಳನ್ನು ಬಿಟ್ಟಿದ್ದಾನೆ. ಹಳಗನ್ನಡ ನಡುಗನ್ನಡಗಳ ಪರಿಚಯವಿರುವ ಜಾಣ ವಿದ್ಯಾರ್ಥಿಗೆ ಅರ್ಥಕ್ಕೂ ಛಂದಸ್ಸಿಗೂ ಹೊಂದುವ ಪದವೊಂದು ಕೂಡಲೇ ಹೊಳೆಯುತ್ತದೆ. ಅದನ್ನು ಸೇರಿಸಿದರೆ ಪದ್ಯ ಸುಂದರವಾಗುತ್ತದೆ, ಮತ್ತು ಅದು ಕವಿಯ ಪದ್ಯವಾಗಿ ಉಳಿಯುವುದಿಲ್ಲ. ಲೋಪವಿದೆ ಎಂದಷ್ಟೇ ಛಂದಸ್ಸು ಹೇಳುತ್ತದೆ. ಲೋಪವಾದುದು ಏನು ಎಂಬುದನ್ನು ಬೇರೆ ಪ್ರತಿಗಳನ್ನು ನೋಡಿ ತಿಳಿಯಬೇಕು. ಬೇರೆ ಪ್ರತಿಗಳು ಇಲ್ಲವಾದರೆ ಚುಕ್ಕಿಯಿಟ್ಟು ಬಿಡಬೇಕು, ಊಹಿಸಿದರೆ ಊಹೆಯೆಂದು ಕಂಸದಲ್ಲಿ ಕಾಣಿಸಬೇಕು. ಹೊಳೆದ ಪದವನ್ನು ಬರೆಯದೆ ಕೈ ತಡೆಯುವ ಈ ಗಳಿಗೆಯಲ್ಲಿ ಸಾಹಿತ್ಯದ ವಿದ್ಯಾರ್ಥಿ ಗ್ರಂಥಸಂಪಾದಕನಾಗಲು ತೊಡಗುತ್ತಾನೆ. ವೃತ್ತಿ ಅಸ್ಮಿತೆ ಎಂದು ನಾವು ಕರೆಯುವುದು ಇಂಥ ಸಂಯಮಗಳ ಮೊತ್ತವೆಂದು ನನ್ನ ಅಭಿಪ್ರಾಯ. ವೈದ್ಯನಿಗೆ, ನ್ಯಾಯವಾದಿಗೆ ಅವರವರ ಸಂಯಮಗಳಿರುವಂತೆ ನಮಗೂ ನಮ್ಮವಿವೆ. ಅವನ್ನು ಉಪನ್ಯಾಸದಲ್ಲಿ ಹೇಳಬಹುದೇ ಹೊರತು ಕೊಡಲಾಗದು.

ಹೀಗಿರುವಾಗ ಹಸ್ತಪ್ರತಿ ಭಂಡಾರಕ್ಕೆ ಹೋದ ಇಂಟರ್ನ್‌ಗೆ ಯಾವ ಕೆಲಸ ದೊರೆಯುತ್ತದೆ ಎಂಬುದು ನಿರ್ಣಾಯಕ ಪ್ರಶ್ನೆ. 2003ರಲ್ಲಿ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನ ಆರಂಭವಾದ ಮೇಲೆ ಸೂಚೀಕರಣ, ಡಿಜಿಟಲೀಕರಣಗಳಿಗೆ ಒತ್ತು ದೊರೆಯಿತು. 2025ರಲ್ಲಿ ಘೋಷಿತವಾದ ಜ್ಞಾನ ಭಾರತಂ ಯೋಜನೆಯೂ ಅದೇ ದಿಕ್ಕಿನದು. ಇವು ಅಗತ್ಯವಾದ ಕಾರ್ಯಗಳು, ಸಂದೇಹವಿಲ್ಲ. ಆದರೆ ಗರಿಯನ್ನು ಸ್ಕ್ಯಾನರಿನ ಕೆಳಗಿಡುವುದು, ಉದ್ದ ಅಗಲ ಅಳೆಯುವುದು, ನಮೂನೆಯಲ್ಲಿ ಗರಿಗಳ ಸಂಖ್ಯೆ ತುಂಬುವುದು, ಇಷ್ಟರಲ್ಲೇ ಮೂವತ್ತೋ ಅರವತ್ತೋ ಗಂಟೆ ಮುಗಿದುಹೋದರೆ ಅದು ಮಾಂಸ ಸುತ್ತುವ ಮೇಜೇ ಸರಿ. ಸಾವಿರ ಗರಿಗಳನ್ನು ಮುಟ್ಟಿಯೂ ಒಂದನ್ನು ಓದದೆ ಹೊರಬರುವುದು ಸಾಧ್ಯ.

ಇದಕ್ಕೆ ಪರಿಹಾರವಾಗಿ ಇಂಟರ್ನ್‌ನನ್ನು ಮೊದಲ ದಿನವೇ ಓದದ ಕಟ್ಟಿನ ಮುಂದೆ ಕೂರಿಸುವುದೂ ತರವಲ್ಲ. ಅದು ಹೊಸ ದರ್ಜಿಯ ಕೈಗೆ ಕತ್ತರಿ ಕೊಟ್ಟಂತೆ. ದರ್ಜಿಗಳ ಹಿಂದುಮುಂದಾದ ಕ್ರಮವನ್ನು ಇಲ್ಲಿಗೂ ಅನ್ವಯಿಸಬಹುದೆಂದು ತೋರುತ್ತದೆ. ಈಗಾಗಲೇ ಸಂಪಾದನೆಗೊಂಡು ಅಚ್ಚಾದ, ಅಡಿಟಿಪ್ಪಣಿಯಲ್ಲಿ ಪಾಠಾಂತರಗಳುಳ್ಳ ಕಾವ್ಯವೊಂದನ್ನೂ ಅದಕ್ಕೆ ಬಳಸಿದ ಪ್ರತಿಗಳಲ್ಲಿ ಒಂದನ್ನೂ ಜೊತೆಗಿಟ್ಟು ಒಂದು ಸಂಧಿಯ ಅಡಿಟಿಪ್ಪಣಿಗಳನ್ನು ತಾಳೆ ನೋಡಲು ಹೇಳುವುದು. ಸಂಪಾದಕರು ಯಾವ ಪಾಠವನ್ನು ಮೇಲಕ್ಕೆತ್ತಿದರು, ಯಾವುದನ್ನು ಕೆಳಗಿಳಿಸಿದರು, ಏಕೆ ಎಂಬುದು ಆಗ ಕಾಣತೊಡಗುತ್ತದೆ. ಮುಗಿದ ಉಡುಪಿಗೆ ಗುಂಡಿ ಹಚ್ಚುವ ಕೆಲಸವಿದು. ಲಿಪಿಯೂ ಇದರೊಡನೆಯೇ ಪರಿಚಯವಾಗುತ್ತದೆ, ಏಕೆಂದರೆ ಉತ್ತರ ಪಕ್ಕದಲ್ಲೇ ಇದೆ. ಎರಡನೆಯ ಹಂತದಲ್ಲಿ ಎರಡು ಪ್ರತಿಗಳ ಪಾಠಸಂಕಲನ. ಓದದ ಕಟ್ಟಿನಿಂದ ಹತ್ತು ಪದ್ಯಗಳ ಪ್ರತಿ ಮಾಡಿ ಪಾಠ ನಿರ್ಣಯಿಸುವುದು ಕಡೆಯದು. ಅಷ್ಟು ಅವಧಿ ಇಲ್ಲವೆಂದರೆ ಮೊದಲ ಹಂತವೊಂದೇ ಸಾಕು. ನಿರ್ಣಯ ನಡೆಯುವ ಸ್ಥಳವನ್ನು ವಿದ್ಯಾರ್ಥಿ ಕಂಡಂತಾಯಿತು.

ಪ್ರಕಾಶನ ಸಂಸ್ಥೆಗೋ ಪತ್ರಿಕೆಗೋ ಹೋಗುವ ವಿದ್ಯಾರ್ಥಿಗಳ ವಿಚಾರದಲ್ಲೂ ಪ್ರಶ್ನೆ ಇದೇ. ಕರಡು ತಿದ್ದುವವನು ಕಾಗುಣಿತ ಸರಿಪಡಿಸುತ್ತಾ ಹೋಗುವುದು ಒಂದು, ಧಾರವಾಡದ ಆಡುಮಾತಿನ ಕಥೆಯಲ್ಲಿ ತನ್ನ ಕಣ್ಣಿಗೆ ತಪ್ಪೆಂದು ಕಾಣುವ ರೂಪವನ್ನು ತಿದ್ದದೆ ಅಂಚಿನಲ್ಲಿ ಪ್ರಶ್ನೆಚಿಹ್ನೆ ಹಾಕಿ ಲೇಖಕರಿಗೆ ಕಳಿಸುವುದು ಇನ್ನೊಂದು. ಕನ್ನಡ ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟು 1970ರಿಂದ 1995ರ ಅವಧಿಯಲ್ಲಿ ಎಂಟು ಸಂಪುಟಗಳಾಗಿ ಹೊರಬಂದುದರ ಹಿಂದೆಯೂ ಕಾವ್ಯ ಶಾಸನಗಳಿಂದ ಪ್ರಯೋಗಗಳನ್ನು ಚೀಟಿಗಳಿಗೆ ಇಳಿಸಿದ ಹಲವರ ದುಡಿಮೆಯಿದೆ. ಚೀಟಿ ಬರೆಯುವುದು ಕಿರಿಯ ಕೆಲಸವೇ. ಆದರೆ ಯಾವ ಪ್ರಯೋಗಕ್ಕೆ ಚೀಟಿ ಬೇಕು ಎಂದು ಆರಿಸುವಲ್ಲಿಯೇ ಅರ್ಥವಿವೇಚನೆ ಆರಂಭವಾಗಿರುತ್ತದೆ.

ಮೌಲ್ಯಮಾಪನದ ಮಾತೊಂದು ಉಳಿದಿದೆ. ಇಂಟರ್ನ್‌ಷಿಪ್ ವರದಿಗಳೆಂದರೆ ಸಂಸ್ಥೆಯ ಇತಿಹಾಸ, ಸಂಘಟನಾ ಚಿತ್ರ, ಹಾಜರಾತಿ ಪತ್ರ, ಕೃತಜ್ಞತೆ ಎಂಬ ಅಚ್ಚಿನಲ್ಲಿ ಎರಕಗೊಳ್ಳುವ ಅಪಾಯವಿದೆ. ಇದರ ಬದಲು ಅನುಮಾನ ಬಂದ ಐದು ಸ್ಥಳಗಳು, ಎದುರಿದ್ದ ಪರ್ಯಾಯಗಳು, ಮಾಡಿದ ಆಯ್ಕೆ, ಮಾರ್ಗದರ್ಶಕರು ಒಪ್ಪಿದರೇ ತಿದ್ದಿದರೇ ಎಂಬ ವಿವರಗಳುಳ್ಳ ನಾಲ್ಕು ಪುಟ ಸಾಕು. ಅದನ್ನು ಓದಿದ ಅಧ್ಯಾಪಕರಿಗೆ ವಿದ್ಯಾರ್ಥಿ ಎಲ್ಲಿಯವರೆಗೆ ಬಂದಿದ್ದಾನೆಂದು ತಿಳಿಯುತ್ತದೆ. ಜೊತೆಗೆ, ಇಂಟರ್ನ್ ಮಾಡಿದ ಪಾಠಸಂಕಲನದ ಪ್ರತಿ ಹಾಳೆಯ ಮೇಲೂ ಹೆಸರು, ದಿನಾಂಕಗಳಿರಬೇಕು. ಮುಂದೆ ಆ ಕಾವ್ಯ ಅಚ್ಚಾದಾಗ ಪೀಠಿಕೆಯಲ್ಲಿ ಆ ಹೆಸರು ಬರಬೇಕು. ಇದರಲ್ಲಿ ಹೊಸತೇನೂ ಇಲ್ಲ. ಓಲೆಯ ಕಟ್ಟುಗಳಲ್ಲಿ ಕಡೆಯ ಗರಿಯ ಸಮಾಪ್ತಿವಾಕ್ಯದಲ್ಲಿ ಸಂವತ್ಸರ, ಮಾಸ, ತಿಥಿಗಳೊಡನೆ, ಯಾರಿಗಾಗಿ ಬರೆದುದು ಎಂಬುದರೊಡನೆ, ಪ್ರತಿ ಮಾಡಿದವನ ಹೆಸರೂ ಎಷ್ಟೋ ಕಡೆ ದೊರೆಯುತ್ತದೆ.